ಎರಡನೆಯ ಕುರ್ಚಿ

"ಇವತ್ತು ಇವರ ನೋವನ್ನ ಯಾರೂ ತಗೋಬಾರದು," ಎಂದರು ಡಾಕ್ಟರಮ್ಮ. "ಮನೆಯವರೂ ಅಷ್ಟೆ, ಬೀದಿಯವರೂ ಅಷ್ಟೆ." ನಮ್ಮ ಊರಿನಲ್ಲಿ ಸವತಿ ಕೂಡ ಸವತಿಗೆ ಇಂಥ ಮಾತು ಹೇಳುವುದಿಲ್ಲ. ಆದರೆ ಡಾಕ್ಟರ್ ನಿಖತ್ ಹೊರಗಿನವರು, ಇಲ್ಲಿಗೆ ವರ್ಗವಾಗಿ ಬಂದು ಇನ್ನೂ ವರ್ಷ ತುಂಬಿಲ್ಲ. ನಾನು ತಲೆಯಾಡಿಸಿ, ಬೀದಿ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತೆ.

ಇವರು ಎಂದರೆ ನನ್ನ ಅಳಿಯಂದಿರು, ವಿಷಕಂಠ. ಊರಿಗೆಲ್ಲ ಕಂಠಿ. ಅಳಿಯ ಅಲ್ಲ ಮಗಳ ಗಂಡ ಅನ್ನುವುದು ಗಾದೆ. ನಮ್ಮ ಮನೆಯಲ್ಲಿ ಅವರು ಎರಡೂ ಹೌದು, ಸಾಲದ್ದಕ್ಕೆ ಮನೆಅಳಿಯ. ಮದುವೆಯಾದಾಗಿನಿಂದ ನಾನು ಅವರಿಗೆ 'ನೀವು' ಎನ್ನುವುದನ್ನು ಬಿಟ್ಟಿಲ್ಲ, ಅವರು ನನ್ನೆದುರು ಕಾಲು ಚಾಚಿ ಕೂತವರಲ್ಲ. ಅಂಥವರಿಗೆ ನಾನು ಕಾವಲು ಕೂರಬೇಕಾಗಿ ಬಂದದ್ದು ಇಬ್ಬರಿಗೂ ನಾಚಿಕೆಯ ವಿಷಯವೇ.

ಅವರ ಕೆಲಸ ಎದುರು ಸಾಲಿನ ಹಲ್ಲಿನ ಕ್ಲಿನಿಕ್ಕಿನಲ್ಲಿ, ಎರಡನೆಯ ಕುರ್ಚಿಯಲ್ಲಿ ಕೂರುವುದು. ಮೊದಲನೆಯ ಕುರ್ಚಿಯಲ್ಲಿ ಹಲ್ಲು ಕೀಳಿಸಿಕೊಳ್ಳುವವರು, ಪಕ್ಕದಲ್ಲಿ ಇವರು. ಇವರು ಅಂಗೈ ಚಾಚಿ "ಕೊಡಿ" ಎನ್ನಬೇಕು, ಅವರು ಅದರ ಮೇಲೆ ಕೈಯಿಟ್ಟು "ತಗೊಳ್ಳಿ" ಎನ್ನಬೇಕು. ಇಕ್ಕಳ ಅಲ್ಲಿ ಆಡುತ್ತದೆ, ನೋವು ಇಲ್ಲಿಗೆ ಬರುತ್ತದೆ. ಹಾಗೆ ನೋಡಿದರೆ ಊರಿನಲ್ಲಿ ಎಲ್ಲರೂ ಎಲ್ಲರದನ್ನೂ ಅಷ್ಟಿಷ್ಟು ತೆಗೆದುಕೊಳ್ಳುವವರೇ. ಒಬ್ಬಳಿಗೆ ಹೆರಿಗೆ ನೋವು ಬಂತೆಂದರೆ ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ಕೂರುತ್ತದೆ. ತೆಗೆದುಕೊಂಡದ್ದಕ್ಕೆ ಮದುವೆ ಮನೆಯಲ್ಲಿರುವ ಹಾಗೆ ಮುಯ್ಯಿ ಇದೆ: ಇವತ್ತು ನಿಮ್ಮ ಸೊಂಟ ನನಗೆ, ನಾಳೆ ನನ್ನ ತಲೆನೋವು ನಿಮಗೆ. ನೋವಿದ್ದವರು ಮಾತ್ರ ತಾವಾಗಿ ಬಾಯಿಬಿಟ್ಟು ಕೇಳಬಾರದು, ಅದು ಮಾನಗೇಡು. ಇಲ್ಲದವರೇ ಬಂದು ಕೇಳಬೇಕು. ಅದಕ್ಕೇ 'ಕೊಡಿ' ಎಂಬ ಮಾತನ್ನು ನಾವು ಬೇರೆ ಯಾವುದಕ್ಕೂ ಖರ್ಚು ಮಾಡುವುದಿಲ್ಲ. ಸೊಪ್ಪಿನವಳಿಗೂ "ಒಂದು ಕಟ್ಟು ತಾರಮ್ಮ" ಎನ್ನುತ್ತೇವೆ.

ಅಳಿಯಂದಿರು ಆ ಕುರ್ಚಿಯಲ್ಲಿ ಕೂತರೆ ಕಲ್ಲು ಕೂತ ಹಾಗೆ. ದವಡೆ ಹಲ್ಲಿಗೂ ಹುಬ್ಬು ಗಂಟಿಕ್ಕಿದವರಲ್ಲ. "ನಿಮ್ಮ ಅಳಿಯ ದೇವರಂಥವರು" ಎಂದು ಸಂತೆಯಲ್ಲಿ ಜನ ನನ್ನನ್ನು ನಿಲ್ಲಿಸಿ ಹೇಳುತ್ತಿದ್ದರು, ನಾನೂ ಕೊರಳುದ್ದ ಮಾಡಿಕೊಂಡು ಕೇಳುತ್ತಿದ್ದೆ. ಬೆಳಗ್ಗೆ ನನ್ನ ಸೊಂಟನೋವನ್ನು ತೆಗೆದುಕೊಂಡೇ ಅವರು ಕಾಫಿ ಕುಡಿಯುತ್ತಿದ್ದುದು. ಆ ಕಲ್ಲಿನೊಳಗೆ ಬ್ರೌನ್ ಶುಗರ್ ಇದೆ ಎಂದು ನನ್ನ ಮಗಳು ಶಾಂಭವಿ ಅಳುತ್ತಾ ಹೇಳಿದಾಗ, "ಸಕ್ಕರೆ ತಿಂದ್ರೆ ಬಿಡಿಸಿದ್ರಾಯ್ತು ಬಿಡೇ, ಅದಕ್ಯಾಕೆ ಅಳ್ತೀ" ಎಂದಿದ್ದೆ. ಆಮೇಲೆ ತಿಳಿಯಿತು. ಬೆಳ್ಳಿ ಕಾಗದದ ಮೇಲೆ ಸುಟ್ಟು ಹೊಗೆ ಎಳೆಯುವ ಅಮಲಿನ ಪುಡಿ. ಅದಿಲ್ಲದೆ ಆ ಕುರ್ಚಿಯಲ್ಲಿ ಕೂರಲು ಅವರಿಗೆ ಆಗುತ್ತಿರಲಿಲ್ಲ, ಬರಬರುತ್ತಾ ಅದಿಲ್ಲದೆ ಎಲ್ಲಿಯೂ ಕೂರಲು ಆಗಲಿಲ್ಲ. ಹುಟ್ಟಿದ ಮಗುವಿಗೆ ಹುಡುಕಿ ಹುಡುಕಿ ವಿಷಕಂಠ ಎಂದು ಹೆಸರಿಟ್ಟ ಅವರಪ್ಪನನ್ನು ಅನ್ನಬೇಕು.

ಒಮ್ಮೆ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಚಟ ಬಿಡಿಸುವ ವಾರ್ಡಿಗೆ ಸೇರಿಸಿ ಆಗಿತ್ತು. ಗೋಡೆ ಹಾರಿ ಬಂದುಬಿಟ್ಟರು. ಮನೆಯಲ್ಲೇ ಬಿಡಿಸಬಹುದು, ದಿನವೂ ಬಂದು ನೋಡುತ್ತೇನೆ, ಬಾಗಿಲಲ್ಲಿ ಗಟ್ಟಿ ಜೀವ ಒಂದಿದ್ದರೆ ಸಾಕು ಎಂದು ಡಾಕ್ಟರ್ ನಿಖತ್ ಹೇಳಿದ ಮೇಲೆ ಶಾಂಭವಿ ನನ್ನನ್ನು ನೋಡಿದಳು. ಅವಳು ಬಸ್ ಕಂಡಕ್ಟರು, ರಜೆ ಸಿಗಲಿಲ್ಲ. ಆ ಬೆಳಗ್ಗೆ ಟಿಕೆಟ್ ಮಿಷನ್ನಿನ ಚೀಲ ಹೆಗಲಿಗೇರಿಸಿ ಗಂಡನ ಎದುರಿಗೇ ನನಗೆ ಹೇಳಿದಳು: "ಅಮ್ಮಾ, ಇವತ್ತು ಇವರು ಹೊಸಿಲು ದಾಟಿದ್ರೆ ಆಮೇಲೆ ನಾನು ಬಾಗಿಲು ತೆಗೆಯಲ್ಲ. ನೀನು ತೆಗೆದ್ರೆ ನಾನೇ ಹೋಗ್ತೀನಿ." ಅವಳು ನನ್ನ ಮಗಳು. ಆಡಿದರೆ ಮಾಡುತ್ತಾಳೆ.

ಡಾಕ್ಟರಮ್ಮ ಪುಟ್ಟ ಡಬ್ಬಿಯೊಂದನ್ನು ಅಲ್ಲಾಡಿಸಿ ತೋರಿಸಿದ್ದರು. "ಇದು ನಾಲಿಗೆ ಕೆಳಗಿಡೋ ಮಾತ್ರೆ. ಆದ್ರೆ ಪುಡಿ ಇಳಿದು, ಮೈ ಅದನ್ನ ಹುಡುಕೋಕೆ ಶುರು ಮಾಡಿದ ಮೇಲೇ ಇಡಬೇಕು. ಮುಂಚೇನೇ ಇಟ್ರೆ ನಿಧಾನಕ್ಕೆ ಬರೋ ಸಂಕಟ ಎಲ್ಲ ಒಟ್ಟಿಗೆ ಮೈಮೇಲೆ ಬಿದ್ದುಬಿಡುತ್ತೆ. ಆಕಳಿಕೆ ಬರಬೇಕು, ಮೂಗು ಸೋರಬೇಕು, ಕಣ್ಣಿನ ಪಾಪೆ ಅಗಲ ಆಗಬೇಕು, ಮೈಮೇಲೆ ಮುಳ್ಳು ಏಳಬೇಕು. ನೀವು ಯಾರಾದ್ರೂ ಅದನ್ನ ತಗೊಂಡುಬಿಟ್ರೆ ನಂಗೆ ಕಾಣಲ್ಲ. ಕಾಣದೆ ನಾನು ಮಾತ್ರೆ ಇಡಲ್ಲ." ಮಧ್ಯಾಹ್ನದ ಹೊತ್ತಿಗೆ ಎಲ್ಲ ಕಾಣುತ್ತದೆ ಎಂದು ಹೇಳಿ, ಒಳಗೆ ಹೋಗಿ ನಾಡಿ ನೋಡಿ, ಸ್ಕೂಟರ್ ಹತ್ತಿ ಹೋದರು.

ಅವರು ತಿರುವು ದಾಟುವುದೇ ತಡ, ಬೀದಿ ಬಂತು. ಎಲ್ಲರ ಮುಂದೆ ಪಕ್ಕದ ಮನೆಯ ಪುಟ್ಟಗೌರಮ್ಮ, ಹಿಂದೆ ಊರಿನ ಬೊಚ್ಚುಬಾಯಿ ಅರೆಬೊಚ್ಚುಬಾಯಿಗಳೆಲ್ಲ. ಎಲ್ಲರ ಹಲ್ಲಿಗೂ ಅಳಿಯಂದಿರು ಕೂತವರೇ, ಎಲ್ಲರ ಮುಯ್ಯಿಯೂ ಬಾಕಿ. ಜಗಲಿಯ ಮೇಲೆ ಸಾಲಾಗಿ ಕೂತು ಅಂಗೈ ಚಾಚಿದರು.

"ಒಂದು ಚೂರು ಒಳಗೆ ಬಿಡಿ ಮಂಗಳತ್ತೆ," ಎಂದಳು ಪುಟ್ಟಗೌರಮ್ಮ. "ನಾಲ್ಕು ಹಲ್ಲಿಗೆ ಕೂತವ್ನೆ ನಮ್ಮ ಕಂಠಿ. ಐದನೇದು ಅಲ್ಲಾಡ್ತಾ ಇದೆ. ಯಾವ ಮುಖ ಇಟ್ಕೊಂಡು ಹೋಗಿ ಕೂತ್ಕೊಳ್ಳಲಿ ನಾನು?"

"ಈ ನೋವು ಯಾರಿಗೂ ಇಲ್ಲ. ಡಾಕ್ಟ್ರು ಬೇಡ ಅಂದಿದ್ದಾರೆ."

"ಅಯ್ಯೋ, ಅದ್ಯಾವ ಡಾಕ್ಟ್ರೋ! ಅಂಗಾರೆ ನಾವೇನು ಮಾಡೋದು, ಕಣ್ಣು ಕಣ್ಣು ಬಿಡ್ತಾ ಕೂತಿರೋದಾ?"

ನನಗೆ ಬೆಳಗಿನಿಂದ ಸೊಂಟ ನೋಯುತ್ತಿತ್ತು. ಅದನ್ನು ತೆಗೆದುಕೊಳ್ಳುವವರು ಒಳಗೆ ಗೋಡೆಯಿಂದ ಗೋಡೆಗೆ ಓಡಾಡುತ್ತಿದ್ದರು. ಸಿಟ್ಟು ನೆತ್ತಿಗೇರಿತು. ಪೊರಕೆ ಎತ್ತಿಕೊಂಡೆ. "ಏನಾದ್ರೂ ಮಾಡ್ಕೊಳ್ಳಿ. ನಿಮ್ಮ ನಿಮ್ಮ ಹಲ್ಲು ನೀವೇ ಕಿತ್ಕೊಳ್ಳಿ ಹೋಗಿ!" ಎಲ್ಲರೂ ಎದ್ದು ಹೋದರು. ಪುಟ್ಟಗೌರಮ್ಮ ಒಂದು ಗಳಿಗೆ ನಿಂತು ಕೆನ್ನೆ ಸವರಿಕೊಂಡು ಆಮೇಲೆ ಹೋದಳು.

ಮಧ್ಯಾಹ್ನವಾಯಿತು. ಡಾಕ್ಟರಮ್ಮ ಬರುವ ಮೊದಲು ಅಳಿಯಂದಿರು ಮಂಚದಲ್ಲಿ ಒಂದು ನಿಮಿಷ ಇರಲಿಲ್ಲ. ಎದ್ದರು, ಮಲಗಿದರು, ನಲ್ಲಿ ಬಿಟ್ಟರು, ನಿಲ್ಲಿಸಿದರು, ಫ್ಯಾನ್ ಹಾಕಿ ಚಳಿ ಎಂದರು, ಆರಿಸಿ ಸೆಕೆ ಎಂದರು. ಅವರ ಜೊತೆ ನನ್ನ ಜೀವವೂ ಎದ್ದು ಕೂತು ಮಾಡಿತು. ಡಾಕ್ಟರಮ್ಮ ಬಂದು, ನನ್ನನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ ನಾಡಿ ನೋಡಿದರು, ಟಾರ್ಚ್ ಬಿಟ್ಟು ಕಣ್ಣು ನೋಡಿದರು. ಏನೂ ಇಲ್ಲ. ಪಾಪೆ ಸಾಸಿವೆ ಕಾಳಿನಷ್ಟು ಎಂದರು. ಅಷ್ಟೇ ಅಲ್ಲ, ಅವರಿದ್ದಾಗಲೇ ಅಳಿಯಂದಿರು "ಅತ್ತೆ, ಸಾರು ಅನ್ನ ಇದ್ಯಾ?" ಎಂದು ಕೇಳಿ, ತಟ್ಟೆ ಖಾಲಿ ಮಾಡಿ, ಗೋಡೆಗೊರಗಿ ಏನೋ ಗುನುಗಿಕೊಂಡರು.

ಡಾಕ್ಟರಮ್ಮ ನನ್ನನ್ನು ಜಗಲಿಗೆ ಕರೆದರು. ಸೀನಿದರು, "ಧೂಳು" ಎಂದರು, ಮತ್ತೆ ಸೀನಿದರು. "ಅಮ್ಮಾ, ತಪ್ಪು ತಿಳ್ಕೋಬೇಡಿ. ಇವರು ಎಲ್ಲೋ ಸ್ವಲ್ಪ ಇಟ್ಕೊಂಡಿದ್ದಾರೆ. ಇಲ್ಲದೆ ಇಷ್ಟು ಆರಾಮಾಗಿ ಇರೋಕೆ ಸಾಧ್ಯ ಇಲ್ಲ. ಹೀಗಾದ್ರೆ ಮನೆಯಲ್ಲಿ ಆಗಲ್ಲ, ವಾಪಸ್ ವಾರ್ಡಿಗೇ ಬರೀಬೇಕಾಗುತ್ತೆ." ವಾರ್ಡು ಎಂದರೆ ಮತ್ತೆ ಗೋಡೆ, ಗೋಡೆ ಎಂದರೆ ಮತ್ತೆ ಹಾರುವುದು. ಶಾಂಭವಿಯ ಮಾತು ಕಿವಿಯಲ್ಲಿ ಗುಂಯ್ ಎಂದಿತು.

ಮನೆಯನ್ನು ತಲೆಕೆಳಗು ಮಾಡಿದೆ. ಅಕ್ಕಿ ಡಬ್ಬ ಸುರಿದೆ, ಬೇಳೆ ಡಬ್ಬ ಸುರಿದೆ, ದೇವರ ಗೂಡಿನಲ್ಲಿ ಕೈಯಾಡಿಸಿದೆ, ಅವರ ಚಪ್ಪಲಿಯ ಅಟ್ಟೆ ಎಬ್ಬಿಸಿದೆ. ದಿಂಬಿನ ಹೊಲಿಗೆ ಬಿಚ್ಚಿದೆ. ಹತ್ತಿ ಮನೆ ತುಂಬ ಹಾರಿತು. ಅಳಿಯಂದಿರು ಬಗ್ಗಿ ಹತ್ತಿಯನ್ನು ಹೆಕ್ಕತೊಡಗಿದರು.

"ಎಲ್ಲಿಟ್ಟಿದ್ದೀರಿ, ಹೇಳಿಬಿಡಿ," ಎಂದೆ.

"ಇಲ್ಲ ಅತ್ತೆ. ನಮ್ಮಮ್ಮನಾಣೆ."

"ಆಣೆ ಭಾಷೆ ಎಲ್ಲ ಬೇಡ. ಹೊಟ್ಟೆಗೆ ಹಾಕಿದ ಮನೆಯವರ ಕಣ್ಣಿಗೆ ಮಣ್ಣು ಹಾಕ್ತೀರಲ್ಲ."

ಅವರು ಹೆಕ್ಕಿದ ಹತ್ತಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತರು. ಅಷ್ಟು ಕೆಟ್ಟ ಮಾತು ನನ್ನ ಬಾಯಲ್ಲಿ ಬಂದದ್ದಕ್ಕೆ ನನಗೇ ಬೇಸರವಾಯಿತು, ಹುಡುಕುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಇಳಿಹೊತ್ತಿಗೆ ಡಾಕ್ಟರಮ್ಮ ಮೂರನೆಯ ಸಲ ಬಂದರು. ಸ್ಕೂಟರ್ ನಿಲ್ಲಿಸಿ ಇಳಿಯುವಷ್ಟರಲ್ಲಿ ಎರಡು ಸಲ ಆಕಳಿಸಿದರು. ಮೂರನೆಯದಕ್ಕೆ ಪಾಪ ಎನಿಸಿ ನಾನೇ ಅವರ ಬಾಯಿಯ ಮುಂದೆ ಚಿಟಿಕೆ ಹಾಕಿದೆ. ಮೂಗು ಒರೆಸಿ ಒರೆಸಿ ಕೆಂಪಗಾಗಿತ್ತು. "ಯಾಕೋ ಬೆಳಗ್ಗೆಯಿಂದ ಮೈ ಸರಿ ಇಲ್ಲ ಅಮ್ಮಾ, ಕಾಲು ಒಂದು ಕಡೆ ನಿಲ್ತಾ ಇಲ್ಲ," ಎಂದರು. ಆ ಬಿಸಿಲಿನಲ್ಲಿ ಅವರ ತೋಳಿನ ಮೇಲೆ ಮುಳ್ಳು ಎದ್ದಿತ್ತು. ನನಗೆ ಆಗಲೂ ಹೊಳೆಯಲಿಲ್ಲ. ಅಳಿಯಂದಿರು ಏನು ಬಚ್ಚಿಡುತ್ತಾರೋ ನೋಡಿಯೇ ಬಿಡೋಣ ಎಂದು, ಬಾಗಿಲ ಚಿಲಕ ಹಾಕಿ, ಈ ಸಲ ಕೋಣೆಯ ತನಕ ಅವರ ಹಿಂದೆಯೇ ಹೋದೆ.

ಅವರು ಮಂಚದ ಅಂಚಿನಲ್ಲಿ ಕೂತು, ಅಂಗೈ ಚಾಚಿ, "ಕೈ ಕೊಡಿ" ಎಂದರು.

ಅಳಿಯಂದಿರು ಅದರ ಮೇಲೆ ಕೈಯಿಟ್ಟು, ಮೆಲ್ಲಗೆ, ಮಗು ನಿದ್ದೆಯಲ್ಲಿ ಹೇಳಿದಷ್ಟು ಮೆಲ್ಲಗೆ, "ತಗೊಳ್ಳಿ" ಎಂದರು.

ಹೊರ ಊರಿನಿಂದ ಬಂದ ಎಲ್ಲ ಡಾಕ್ಟರರೂ ನಾಡಿಗೆ 'ಕೈ ಕೊಡಿ' ಎಂದೇ ಹೇಳುತ್ತಾರೆ. ನಾವು ನೋವು ತೆಗೆದುಕೊಳ್ಳುವುದು ಅವರಿಗೆ ಗೊತ್ತು, ಯಾವ ಮಾತಿನಿಂದ ಎಂಬುದು ಗೊತ್ತಿಲ್ಲ, ನಮಗೆ ಗೊತ್ತು. ಅದಕ್ಕೆ ನಾವು "ನೋಡಿ" ಎಂದು ಕೈಯಿಡುತ್ತೇವೆ. 'ತಗೊಳ್ಳಿ' ಎಂದು ಯಾರೂ ಅನ್ನುವುದಿಲ್ಲ, ಹಾಲು ಕುಡಿಯುವ ಕೂಸಿನ ಪರವಾಗಿಯೂ ಅನ್ನುವುದಿಲ್ಲ.

"ಬಿಡಿ ಕೈನ!" ಎಂದು ಕಿರುಚಿದೆ. ಡಾಕ್ಟರಮ್ಮ ಬೆಚ್ಚಿ ಕೈ ಎಳೆದುಕೊಂಡರು. ನಾನು ವಿಷಯ ಹೇಳಿದೆ. ಅವರು ತಮ್ಮ ತೋಳನ್ನು ನೋಡಿಕೊಂಡರು, ಸೆರಗಿನಿಂದ ಮೂಗು ಒರೆಸಿಕೊಂಡರು. "ಅಂದ್ರೆ... ಇದು ಇವರದ್ದಾ? ಬೆಳಗ್ಗೆಯಿಂದ?" ಎಂದರು. ಅವರಿಗೆ ನಗು ಬಂತು, ನಗುವಿನ ನಡುವೆ ಕಣ್ಣೀರು ಬಂತು, ಕಣ್ಣೀರು ನಿಲ್ಲಲಿಲ್ಲ.

ನಾನು ಅಳಿಯಂದಿರ ಕಡೆ ತಿರುಗಿದೆ. "ಯಾಕೆ ಹೀಗೆ ಮಾಡಿದ್ರಿ? ಸುಳ್ಳುಗಾರ ಅಂತ ಅನ್ನಿಸ್ಕೊಂಡು ಸುಮ್ಮನೆ ಕೂತಿದ್ರಲ್ಲ?"

"ಮೊದಲನೇ ಸಲ ಬಾಯಿತಪ್ಪಿ ಬಂತು ಅತ್ತೆ," ಎಂದರು. "ಇಷ್ಟು ವರ್ಷ ಆ ಕುರ್ಚಿಲಿ ಕೂತು ನಾನೇ ಎಲ್ಲರಿಗೂ 'ಕೊಡಿ' ಅಂದಿದ್ದು. ನನಗೆ ಯಾರಾದ್ರೂ ಆ ಮಾತು ಅಂದಿದ್ದು ಇವತ್ತೇ."

"ಮತ್ತೆ ಎರಡನೇ ಸಲ?"

ಅವರು ನೆಲ ನೋಡಿದರು. "ಎರಡನೇ ಸಲ ಗೊತ್ತಿತ್ತು."

ನಾನು ದಿನಾ ಬೆಳಗ್ಗೆ ನನ್ನ ಸೊಂಟವನ್ನು ಅವರ ಅಂಗೈಯಲ್ಲಿಟ್ಟು ಕಾಫಿ ಬೆರೆಸಲು ಹೋಗುತ್ತಿದ್ದವಳು. ಒಂದು ದಿನವೂ ನಿಂತು ಅವರ ಮುಖ ನೋಡಿದವಳಲ್ಲ, ಕಲ್ಲಿಗೇನು ಮುಖ ಎಂದುಕೊಂಡಿದ್ದೆ.

ಈಗ ಮೊದಲಿನಿಂದ ಕಾಯಬೇಕಾಯಿತು. ಡಾಕ್ಟರಮ್ಮ ಮನೆಗೆ ಹೋಗುವ ಸ್ಥಿತಿಯಲ್ಲಿರಲಿಲ್ಲ. ಹಿತ್ತಲಿನಲ್ಲಿ ಬಾವಿಗೆ ಸುತ್ತು ಹಾಕುತ್ತಾ, "ಮೈಮೇಲೆ ಮುಳ್ಳೆದ್ದ ತಕ್ಷಣ ಕರೀರಿ ಅಮ್ಮಾ, ನಾನು ಇನ್ನು ಮುಟ್ಟಲ್ಲ" ಎಂದರು. ಸುತ್ತು ಹಾಕುವುದು ನಿಲ್ಲಿಸಿ ಬಚ್ಚಲಿಗೆ ಓಡಿದರು. ಒಬ್ಬರನ್ನು ನೋಡಿಕೊಳ್ಳಲು ಕೂತ ನನಗೆ ಇಬ್ಬರಾದರು. ಹೋಗಿ ಬೆನ್ನು ನೀವಿ, ಉಪ್ಪು ಸಕ್ಕರೆಯ ನೀರು ಕುಡಿಸಿ, ಮತ್ತೆ ಬಾಗಿಲಿಗೆ ಬಂದು ಕೂತೆ.

ತೆಗೆದುಕೊಳ್ಳುವವರಿಲ್ಲದ ಮೇಲೆ ನೋವು ಬಂದ ಬಗೆಯೇ ಬೇರೆ. ಆಕಳಿಕೆಯ ಬೆನ್ನಿಗೆ ಆಕಳಿಕೆ, ದವಡೆ ಕಳಚಿ ಬೀಳುವ ಹಾಗೆ. ಅಳಿಯಂದಿರು ಚಾಪೆಯ ಮೇಲೆ ಬಿದ್ದು ಕಾಲು ಒದರಿದರು, ಕಾಲುಗಳು ಬೇರೆ ಯಾರದೋ ಎಂಬಂತೆ ಅವುಗಳನ್ನು ಕೈಯಿಂದ ಅದುಮಿ ಹಿಡಿದರು. ಬೆವರಿದರು, ಕಂಬಳಿ ಹೊದ್ದರು, ಕಿತ್ತೆಸೆದರು. "ಮೂಳೆ ಒಳಗೆ ಇರುವೆ ಹರೀತಾ ಇದೆ ಅತ್ತೆ," ಎಂದರು. ಕೊನೆಗೆ ಚಾಪೆಯಿಂದ ನನ್ನ ಕುರ್ಚಿಯ ತನಕ ತೆವಳಿಕೊಂಡು ಬಂದು, ನಮ್ಮ ಊರಿನಲ್ಲಿ ಗಂಡಸಿರಲಿ ಹೆಂಗಸಿರಲಿ ಯಾರೂ ಕೇಳದ್ದನ್ನು ಕೇಳಿದರು.

"ಆ ಮಾತು ಅನ್ನಿ ಅತ್ತೆ. ಒಂದೇ ಒಂದ್ಸಲ."

ನಾನು ಎರಡೂ ಕೈಗಳನ್ನು ತೊಡೆಯಡಿಗೆ ತಳ್ಳಿ ಅವುಗಳ ಮೇಲೆ ಕೂತೆ. ನಾಲಿಗೆಯ ತುದಿಗೆ ಬಂದಿತ್ತು. ಎಂಥ ಚಿಕ್ಕ ಮಾತು, ಎಷ್ಟು ಸುಲಭ. ನಾನು ಅಂದಿದ್ದರೆ ಅವರು ಮತ್ತೆ ಸಾರು ಅನ್ನ ಉಂಡು ಗುನುಗುತ್ತಿದ್ದರು, ಮಾತ್ರೆ ಡಬ್ಬಿಯಲ್ಲೇ ಇರುತ್ತಿತ್ತು. "ಇಲ್ಲ," ಎಂದೆ. ಅಳು ಬಂತು. ಕೈ ಖಾಲಿ ಇರಲಿಲ್ಲ, ಒರೆಸಿಕೊಳ್ಳಲೂ ಆಗಲಿಲ್ಲ.

ಅವರು ಎದ್ದರು. ನನ್ನ ಕುರ್ಚಿಯನ್ನು, ನನ್ನನ್ನೂ ಸೇರಿಸಿ, ಒಂದು ಪಕ್ಕಕ್ಕೆ ಸರಿಸಿದರು. ಮರ್ಯಾದೆಯಿಂದಲೇ ಸರಿಸಿದರು, ಅಳಿಯ ಅಲ್ಲವೇ. ನಾನು ಏಳಲು ಹೋದೆ, ಸೊಂಟ ಹಿಡಿದುಕೊಂಡಿತು. ಡಾಕ್ಟರಮ್ಮನನ್ನು ಕೂಗಿದೆ, ಬಚ್ಚಲಿನಿಂದ ಓಕರಿಕೆಯ ಸದ್ದು ಮಾತ್ರ ಬಂತು. ಅಳಿಯಂದಿರು ಚಿಲಕ ತೆಗೆದರು, ಬಾಗಿಲು ತೆರೆದರು. ಒಂದು ಕಾಲು ಹೊಸಿಲ ಮೇಲಿಟ್ಟರು.

ಆಗ ಎದುರು ಸಾಲಿನ ಕ್ಲಿನಿಕ್ಕಿನಿಂದ ಒಂದು ಕೂಗು ಬಂತು. ನಮ್ಮ ಊರಿನಲ್ಲಿ ಹಲ್ಲು ಕೀಳುವಾಗ ಯಾರೂ ಕೂಗಿದ್ದೇ ಇಲ್ಲ. ಅಂಥ ಕೂಗು ಹೇಗಿರುತ್ತದೆ ಎಂದೇ ಬೀದಿಗೆ ಗೊತ್ತಿರಲಿಲ್ಲ. ಕಾಗೆಗಳು ಎದ್ದವು. ಬೀದಿಯಲ್ಲಿ ನಡೆಯುತ್ತಿದ್ದವರು ನಡೆಯುತ್ತಿದ್ದ ಹಾಗೆಯೇ ನಿಂತರು. ಉಸಿರೆಳೆದುಕೊಳ್ಳುವಷ್ಟು ಬಿಡುವು, ಮತ್ತೆ ಅದೇ ಕೂಗು, ಇನ್ನೂ ಉದ್ದಕ್ಕೆ.

"ಯಾರು?" ಎಂದರು ಅಳಿಯಂದಿರು. ಕಾಲು ಹೊಸಿಲ ಮೇಲೆಯೇ ಇತ್ತು.

"ಪುಟ್ಟಗೌರಮ್ಮ," ಎಂದೆ. "ಐದನೇ ಹಲ್ಲು ಅಲ್ಲಾಡ್ತಾ ಇದೆ ಅಂದಿದ್ಲು. ನಿನ್ನ ಕುರ್ಚಿ ಖಾಲಿ ಬಿಟ್ಟು ಕೀಳಿಸ್ಕೊಳ್ತಾ ಇದ್ದಾಳೆ ಕಣೋ."

ಬಾಯಿಂದ 'ನಿನ್ನ' ಎಂದು ಬಂದದ್ದು ಇಬ್ಬರಿಗೂ ಕೇಳಿಸಿತು. ಅವನು ತಿರುಗಿ ನನ್ನನ್ನು ನೋಡಿದ. ಕಣ್ಣಿನ ಪಾಪೆ ಅಷ್ಟಗಲ ಆಗಿತ್ತು.

"ನಾನು ಹೋಗಬೇಕು," ಎಂದ. "ಅವರಿಗೆ ತಡ್ಕೊಳ್ಳೋಕೆ ಬರಲ್ಲ."

"ನಿನಗೆ ಬರ್ತಿತ್ತಾ?"

ಮೂರನೆಯ ಕೂಗು ಬಂತು, ನಡುವೆಯೇ ಮುರಿದು ಬಿಕ್ಕಳಿಕೆಯಾಯಿತು. ಅವನು ಇದ್ದಲ್ಲಿಯೇ, ಹೊಸಿಲ ಮೇಲೆಯೇ ಕುಸಿದು ಕೂತ. ಮುಂಗೈಯಿಂದ ಹೆಗಲಿನ ತನಕ ಮುಳ್ಳೆದ್ದಿತ್ತು, ಹೆಬ್ಬಲಸಿನ ಸಿಪ್ಪೆಯ ಹಾಗೆ.

"ಡಾಕ್ಟ್ರೇ!" ಎಂದು ನಾನು ಕೂಗಿದ ಕೂಗು ಪುಟ್ಟಗೌರಮ್ಮನದಕ್ಕೆ ಏನೂ ಕಡಿಮೆ ಇರಲಿಲ್ಲ. ಅವರು ಒದ್ದೆ ಮುಖದಲ್ಲೇ ಓಡಿ ಬಂದರು, ಗೋಡೆ ಹಿಡಿದುಕೊಂಡು ಬಗ್ಗಿದರು, ಮುಟ್ಟದೆ ನೋಡಿದರು. "ಈಗ ಸರಿ," ಎಂದು ಡಬ್ಬಿ ತೆರೆದರು. "ನಾಲಿಗೆ ಎತ್ತಿ. ಹಾಂ. ಪೂರ್ತಿ ಕರಗೋ ತನಕ ನುಂಗಬಾರದು, ಒಂದು ಅಕ್ಷರ ಮಾತಾಡಬಾರದು." ಆಮೇಲೆ ಜಗಲಿಯ ಕಂಬಕ್ಕೆ ಒರಗಿ ತಾವೂ ಕೂತರು. ಅವರ ಕಾಲೂ ಅವನ ಕಾಲೂ ಒಂದೇ ತಾಳಕ್ಕೆ ಕುಣಿಯುತ್ತಿದ್ದವು.

ಸ್ವಲ್ಪ ಹೊತ್ತಿಗೆ ಪುಟ್ಟಗೌರಮ್ಮ ಬೀದಿ ದಾಟಿ ಬಂದಳು. ಕೆನ್ನೆ ಬನ್ನಿನ ಹಾಗೆ ಊದಿತ್ತು, ಬಾಯಿ ತುಂಬ ಹತ್ತಿ, ಕಣ್ಣು ಇನ್ನೂ ಸುರಿಯುತ್ತಿತ್ತು. ಅವಳ ಹಿಂದೆ ಕ್ಲಿನಿಕ್ಕಿನ ಬಾಗಿಲಲ್ಲಿ ಇನ್ನೂ ಕೆಲವರು ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಸರದಿಗೆ ನಿಂತಿದ್ದರು. ಎರಡನೆಯ ಕುರ್ಚಿಯನ್ನು ಯಾರೋ ತಂದು ಹೊರಗೆ ಬಿಸಿಲಿಗೆ ಇಟ್ಟಿದ್ದರು. ನಾನು ಸಿಟ್ಟಿನಲ್ಲಿ ಆಡಿದ ಮಾತನ್ನು ಈ ಮೂರ್ಖರು ವೇದವಾಕ್ಯ ಮಾಡಿಕೊಂಡಿದ್ದರು.

ಅವಳ ಮುಖ ನೋಡುತ್ತಲೇ ಕಂಠಿಯ ಕೈ ತಾನಾಗಿ ಮುಂದೆ ಬಂತು, ಅಂಗೈ ಮೇಲಾಗಿ. ಇಷ್ಟು ವರ್ಷದ ಅಭ್ಯಾಸ. ತುಟಿ ಅಲ್ಲಾಡಿತು.

"ಮಾತಾಡಬಾರದು!" ಎಂದರು ಡಾಕ್ಟರಮ್ಮ.

ಅವನು ತುಟಿ ಮುಚ್ಚಿದ. ಕೈ ಮಾತ್ರ ಹಾಗೆಯೇ ಇತ್ತು. ಪುಟ್ಟಗೌರಮ್ಮ ಆ ಅಂಗೈಯನ್ನು ನೋಡುತ್ತಾ ನಿಂತಳು. ಅವಳ ಬಾಯಲ್ಲೂ ಹತ್ತಿ, ಏನೂ ಹೇಳುವ ಹಾಗಿರಲಿಲ್ಲ.  ಸೆರಗಿನ ಗಂಟು ಬಿಚ್ಚಿ ಏನನ್ನೋ ಅವನ ಅಂಗೈಯಲ್ಲಿಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮುಷ್ಟಿಯನ್ನು ತನ್ನೆರಡೂ ಕೈಗಳಲ್ಲಿ ಒಮ್ಮೆ ಒತ್ತಿ, ಕೆನ್ನೆ ಹಿಡಿದುಕೊಂಡು ಮನೆಗೆ ಹೋದಳು.

ಶಾಂಭವಿಯ ಬಸ್ಸು ತಿರುವಿನಲ್ಲಿ ನಿಂತ ಸದ್ದಾಯಿತು. ಅವಳು ಚೀಲ ಬಡಿಸಿಕೊಂಡು ಓಡೋಡಿ ಬಂದು, ತೆರೆದ ಬಾಗಿಲನ್ನು ನೋಡಿ, ಜಗಲಿಯ ಕೆಳಗೇ ನಿಂತಳು. ಕಂಬಕ್ಕೊರಗಿ ಆಕಳಿಸುತ್ತಿದ್ದ ಡಾಕ್ಟರನ್ನು ನೋಡಿದಳು. ಹೊಸಿಲ ಮೇಲೆ ತುಟಿ ಬಿಗಿದುಕೊಂಡು ಮುಷ್ಟಿ ಕಟ್ಟಿ ಕೂತ ಗಂಡನನ್ನು ನೋಡಿದಳು. ಮುಷ್ಟಿಯನ್ನು ನೋಡಿದಾಗ ಅವಳ ಮುಖ ಬೆಳ್ಳಗಾಯಿತು.

"ಕೈಲೇನಿದೆ?"

ಅವನು ಮಾತಾಡಲಿಲ್ಲ.

"ಕೈಲೇನು ಇಟ್ಕೊಂಡಿದ್ದೀರಿ, ತೋರಿಸಿ!"

ಅವನು ನನ್ನ ಕಡೆ ನೋಡಿದ, ಆಮೇಲೆ ಅವಳ ಕಡೆ ನೋಡಿ ಮೆಲ್ಲಗೆ ಮುಷ್ಟಿ ಬಿಚ್ಚಿದ. ಅಂಗೈಯಲ್ಲಿ, ಬೇರಿನ ಕಡೆ ಇನ್ನೂ ಕೆಂಪು ಆರದ ಒಂದು ದವಡೆ ಹಲ್ಲು ಇತ್ತು.

"ಮುಯ್ಯಿ," ಎಂದೆ ನಾನು. "ಹೊಸಿಲು ದಾಟಿಲ್ಲ. ಒಳಗೆ ಬಾ."